ಮೊಂಡುಬಾಲ

ಹೆಂಡತಿ ಅಪ್ಪಿ ಇಸ್ತ್ರಿ ಮಾಡಿ ಮಂಚದ ಮೇಲೆ ಹಾಸಿಟ್ಟಿದ್ದ ಬಿಳಿ ಅಂಗಿಯನ್ನು ನೋಡಿದ ಕೂಡಲೇ ಸದಾನಂದನಿಗೆ ಇದನ್ನು ಇವತ್ತು ಹಾಕಿಕೊಳ್ಳಲಾರೆ ಅನ್ನಿಸಿತು. ಎರಡು ವರ್ಷದ ಹಿಂದೆ ಸನ್ಮಾನಕ್ಕೆಂದು ಹೊಲಿಸಿದ್ದು. ಅದರ ಮೇಲೆ ಶಾಲು ಹೊದ್ದು, ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು ನಿಂತ ಅವನ ಫೋಟೋ ಅವನು ದುಡಿಯುವ, ಮುಂಬೈಯ ಫೋರ್ಟ್‌ನ ಹೊಟೇಲಿನಲ್ಲಿ ಈಗಲೂ ತೂಗುತ್ತಿದೆ. "ಬೇರೆ ಯಾವುದಾದ್ರೂ ಕೊಡು," ಅಂದ. "ಇದಕ್ಕೆ ಎಂತ ಆಗಿದೆ? ದೊಡ್ಡ ದೊಡ್ಡ ಆಫೀಸರುಗಳು ಬರ್ತಾರೆ ಅಂತ ನೀವೇ ಹೇಳಿದ್ದಲ್ವಾ," ಅಂದಳು ಅಪ್ಪಿ. ಅಂಗಿಗೆ ಏನೂ ಆಗಿರಲಿಲ್ಲ. ಬಾಂದ್ರಾದ ಸರಕಾರಿ ಕಚೇರಿಯಿಂದ ಬಂದ ಪತ್ರ ಇಂಗ್ಲಿಷಿನಲ್ಲಿದ್ದ ಕಾರಣ ಅವಳು ಅದನ್ನು ಓದಿರಲಿಲ್ಲ. ಗಂಡನ ಹೆಸರು, 'ಸ್ನೇಕ್' ಎಂಬ ಪದ, ಸರಕಾರದ ಮುದ್ರೆ ಇಷ್ಟನ್ನು ಗುರುತಿಸಿ, ಇನ್ನೊಂದು ಸನ್ಮಾನವಿರಬೇಕೆಂದು ಬಿಲ್ಡಿಂಗಿನ ನಾಲ್ಕು ಮನೆಗೆ ಹೇಳಿಬಂದಿದ್ದಳು. ಅವನು ಅಲ್ಲವೆಂದು ಹೇಳಿರಲಿಲ್ಲ. ಹೇಳಬೇಕೆಂದು ಪ್ರತಿ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದ, ಅಷ್ಟರಲ್ಲಿ ಅವಳು ಚಹಾ ತಂದಿಡುತ್ತಿದ್ದಳು. ಕೊನೆಗೆ ಆ ಅಂಗಿಯನ್ನೇ ಹಾಕಿಕೊಂಡ. ಮೆಟ್ಟಿಲಿಳಿಯುವಾಗ ಮೊದಲ ಮಾಳಿಗೆಯ ಹೆಂಗಸು, "ಏನು ಸದಾನಂದಣ್ಣ, ಮತ್ತೆ ಪೇಪರಿನಲ್ಲಿ ಬರ್ತೀರಂತೆ?" ಎಂದು ಕೇಳಿದಾಗ ನಕ್ಕೂ ಬಿಟ್ಟ.

ಸಯನ್ ಸ್ಟೇಷನ್ನಿನ ಹೊರಗೆ ಬಾಂದ್ರಾದ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತ. ಬೆಳಗಿನಿಂದ ಜಿಗುಟು ಮಳೆ. ಧಾರಾವಿಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಇತ್ತು. ಗಾಜಿನ ಮೇಲೆ ಇಳಿಯುತ್ತಿದ್ದ ನೀರಿನ ಒಂದು ಎಳೆ ಇನ್ನೊಂದನ್ನು ಸೇರಿ ದಪ್ಪಗಾಗಿ ತಲೆಯಿಟ್ಟು ಕೆಳಗೆ ಒತ್ತುತ್ತಿರುವಂತೆ ಕಂಡು ಅವನು ಮುಖ ತಿರುಗಿಸಿದ. ಮೂರು ವಾರದಿಂದ ಹೀಗೇ. ಅಂಗೈಯಲ್ಲಿ ಒತ್ತಿದ ಹಾಗಾಗುತ್ತದೆ. ಊಟದ ತಟ್ಟೆ ಹಿಡಿದರೆ, ಲೋಕಲ್ ರೈಲಿನ ಕಂಬಿ ಹಿಡಿದರೆ, ಬೆರಳ ಸಂದಿಯಲ್ಲಿ ಏನೋ ಮೆಲ್ಲಗೆ ದಾರಿ ಹುಡುಕುತ್ತದೆ. ಇಪ್ಪತ್ತಾರು ವರ್ಷದಿಂದ ಮೋನಪ್ಪನವರ ಹೊಟೇಲಿನಲ್ಲಿ ಮೊದಲು ಮಾಣಿಯಾಗಿ, ಆಮೇಲೆ ಮಾಣಿಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಆಗಿ ದುಡಿದವನು ಅವನು. ಹಾವು ಹಿಡಿಯುವುದು ಶೋಕಿ. ಪರದೆಯ ಕೋಲಿಗೆ ಕೊಕ್ಕೆ ಬಡಿದು ತಾನೇ ಮಾಡಿಕೊಂಡ ಕೋಲು, ಮುಚ್ಚಳಕ್ಕೆ ತೂತು ಕೊರೆದ ಒಂದು ಬಕೆಟ್. ಚಾಳ್‌ನ ನೀರಿನ ಟಾಕಿಯಲ್ಲಿ ಕೇರೆ, ಆಸ್ಪತ್ರೆಯ ಹಿಂದೆ ನಾಗರಹಾವು, ಯಾರು ಫೋನ್ ಮಾಡಿದರೂ ಹೋಗುತ್ತಿದ್ದ, ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಹೊಟೇಲಿನಲ್ಲಿ 'ಏಯ್, ಇಲ್ಲಿ ಒರೆಸು' ಎಂದು ಗದರುವ ಗಿರಾಕಿಗಳಿಗೆ ಬಾಗುತ್ತಿದ್ದ ಬೆನ್ನು ಹಾವಿನ ಎದುರು ನೆಟ್ಟಗಾಗುತ್ತಿತ್ತು. ಸುತ್ತ ನಿಂತ ಜನ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಡುವಾಗ ಆಗುತ್ತಿದ್ದ ಸುಖವನ್ನು ಅವನು ಕರುಣೆ ಎಂದು ತಿಳಿದಿದ್ದ.

ಭಾಂಡುಪ್‌ನ ಆಚೆಯ ಒಂದು ಗುಡ್ಡಕ್ಕೆ ಎರಡು ವರ್ಷದ ಹಿಂದೆ ಅವನನ್ನು ಮೊದಲು ಕರೆಸಿದ್ದು ಮಜೀದ, ಸಿಂದಗಿ ಕಡೆಯವನು, ಅಲ್ಲಿ ಬಿಲ್ಡಿಂಗುಗಳಿಗಾಗಿ ಮಣ್ಣು ಅಗೆಯುತ್ತಿದ್ದ ಕಂಪನಿಯ ಜೆಸಿಬಿ ಓಡಿಸುವವನು. "ಅಣ್ಣಾರ, ಇಲ್ಲಿ ಸಣ್ಣ ಸಣ್ಣ ಹಾವು ಏಳಾಕತ್ತಾವ್ರಿ, ಕೂಲಿಯವ್ರು ಸಲಿಕೀಲೆ ಕಡ್ಯಾಕತ್ತಾರ," ಎಂದಿದ್ದ. ಸದಾನಂದ ಅಂಥ ಹಾವನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪೆನ್ಸಿಲ್ಲಿಗಿಂತ ತುಸು ದಪ್ಪ. ಕಪ್ಪು ಮೈ, ಬಿಸಿಲಿಗೆ ಹಿಡಿದರೆ ಕೊಚ್ಚೆಯ ಮೇಲೆ ಪೆಟ್ರೋಲು ಹರಡಿದಂತೆ ನೇರಳೆ, ಹಸಿರು. ಬಾಲದ ತುದಿಯನ್ನು ಯಾರೋ ಓರೆಯಾಗಿ ಕತ್ತರಿಸಿ ಉಪ್ಪುಕಾಗದ ಅಂಟಿಸಿದ ಹಾಗೆ. ಕಚ್ಚುವುದೇ ಅದಕ್ಕೆ ಗೊತ್ತಿರಲಿಲ್ಲ. ಹಿಡಿದರೆ ಬೆರಳ ಸಂದಿಗೆ ತಲೆಯಿಟ್ಟು, ಅಂಗೈಯೂ ಮಣ್ಣೇ ಎಂಬಂತೆ, ಒಳಗೆ ಹೋಗಲು ಒತ್ತುತ್ತಿತ್ತು. ಮೊಂಡುಬಾಲ ಎಂದು ಅವನೇ ಹೆಸರಿಟ್ಟ. ಫೆಬ್ರವರಿಯಿಂದ ಜೂನ್ ತನಕ ರಜೆಯ ದಿನ, ಶಿಫ್ಟಿಗೆ ಮುಂಚೆ, ಆದಾಗಲೆಲ್ಲ ಹೋಗಿ ಜೆಸಿಬಿಯ ಹಿಂದೆ ನಡೆದು, ಮಗುಚಿದ ಮಣ್ಣಿನಿಂದ ಒಂದೊಂದನ್ನೇ ಆರಿಸಿ, ಬೊರಿವಲಿ ಕಡೆಯ ಕಾಡಿನ ಅಂಚಿಗೆ ಒಯ್ದು ಬಿಟ್ಟುಬಂದ. ಕಂಪನಿಯ ಸಂದೀಪ, ಮುಂಬೈಯಲ್ಲೇ ಹುಟ್ಟಿದ ಕನ್ನಡದ ಹುಡುಗ, ಪ್ರತಿಸಲವೂ ಫೋಟೋ ತೆಗೆದುಕೊಂಡ. ಕಡೆಗೆ ಕಂಪನಿಯೇ ಸಭೆ ಮಾಡಿ ಶಾಲು ಹೊದೆಸಿತು.

ಮೂರು ವಾರದ ಹಿಂದೆ, ಊಟದ ಗಲಾಟೆ ಮುಗಿದ ಹೊತ್ತಿನಲ್ಲಿ ಯಕ್ಷಿತಾ ಹೊಟೇಲಿಗೆ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದಳು. ಚೆಂಬೂರಿನ ಹುಡುಗಿ, ಹಾವುಗಳ ಮೇಲೆ ಸಂಶೋಧನೆ ಮಾಡುವವಳು. ಮನೆಯಲ್ಲಿ ಕೇಳಿಸಿಕೊಂಡ ಕನ್ನಡವನ್ನು ಎಡವುತ್ತ ಆಡುತ್ತಿದ್ದಳು. "ಅಂಕಲ್, ನೀವು ಹಿಡಿದದ್ದು ಇದೇ ನಾ?" ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. "ಇದೇ. ಮೊಂಡುಬಾಲ ಅಂತ ಹೇಳುವುದು ನಾವು." "ಎಷ್ಟು ಸಿಕ್ತು? ಮತ್ಲಬ್, ಅಂದಾಜು." "ಅಂದಾಜು ಎಂತದಕ್ಕೆ, ಸರಿಯಾಗಿಯೇ ಉಂಟು. ಅರವತ್ತೆರಡು," ಅಂದ ಸದಾನಂದ, ಗೋಡೆಯ ಫೋಟೋ ಅವಳಿಗೆ ಕಾಣಲೆಂದು ಸ್ವಲ್ಪ ಪಕ್ಕಕ್ಕೆ ಸರಿದು. ಅವಳು ಮುಟ್ಟದೆ ಬಿಟ್ಟಿದ್ದ ಚಹಾದ ಮೇಲೆ ಕೆನೆ ಕಟ್ಟಿತು. "ನಾನು ಐದು ವರ್ಷದಿಂದ ಹುಡುಕ್ತಾ ಇದ್ದೀನಿ ಅಂಕಲ್. ನನಗೆ ಸಿಕ್ಕಿದ್ದು ನಾಲ್ಕು. ಅದೂ ಅಗೆಯೋದಕ್ಕೆ ಮುಂಚೆ. ಇದು ಆ ಒಂದು ಗುಡ್ಡದಲ್ಲಿ ಮಾತ್ರ ಇರೋದು. ಇಡೀ ದುನಿಯಾದಲ್ಲಿ ಬೇರೆ ಎಲ್ಲೂ ಇಲ್ಲ." ಅವನಿಗೆ ಎದೆಯುಬ್ಬಿತು. "ಹಾಗಾದ್ರೆ ನಾನು ಉಳಿಸಿದ್ದು ಒಳ್ಳೆಯದೇ ಆಯ್ತಲ್ಲ," ಅಂದುಬಿಟ್ಟ. ಆ ಮಾತು ಈಗ ಬಸ್ಸಿನಲ್ಲಿ ನೆನಪಾಗಿ, ಪಕ್ಕದವರಿಗೆ ಕೇಳಿಸಿತೇನೋ ಎಂಬಂತೆ ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಮಚದಿಂದ ಕೆನೆಯನ್ನು ಬದಿಗೆ ಸರಿಸುತ್ತ, "ಬಿಟ್ಟ ಜಾಗ ತೋರಿಸ್ತೀರಾ?" ಎಂದಷ್ಟೇ ಕೇಳಿದ್ದಳು.

ಹೋದ ಸೋಮವಾರ, ಅವನ ರಜೆಯ ದಿನ, ಇಬ್ಬರೂ ಹೋಗಿದ್ದರು. ಅವಳು ಕುಕ್ಕರುಗಾಲಿನಲ್ಲಿ ಕೂತು ಎಲೆ ಸರಿಸಿ, ಸಣ್ಣ ಗುದ್ದಲಿಯಿಂದ ಕೆದಕಿದಳು. ಅರ್ಧ ಗೇಣಿಗೇ ಠಣ್ ಎಂದಿತು. ಬಂಡೆ. ಇನ್ನೊಂದು ಕಡೆ, ಮತ್ತೊಂದು ಕಡೆ, ಎಲ್ಲ ಕಡೆಯೂ ಅದೇ ಶಬ್ದ. "ಆ ಗುಡ್ಡದ ಮಣ್ಣು ಮೆತ್ತಗೆ ಅಂಕಲ್. ಇಲ್ಲಿ ಅದು ಒಳಗೆ ಹೇಗೆ ಹೋಗ್ತದೆ? ಮೇಲೆ ಓಡ್ಲಿಕ್ಕೂ ಬರೋದಿಲ್ಲ ಅದಕ್ಕೆ." ಅವಳು ಅವನ ಮುಖ ನೋಡದೆ, ಮಣ್ಣಿಗೆ ಹೇಳಿದಂತೆ ಹೇಳಿದಳು. ಆಗಲೇ ಪೊದೆಯಿಂದ ಒಂದು ಕೆಂಬೂತ ಹೊರಬಂದದ್ದು. ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು, ಜಮೀನ್ದಾರನ ನಡಿಗೆ. ಊರಿನಲ್ಲಿ ಅದು ಕಂಡರೆ ಶುಭವೆಂದು ಅಮ್ಮ ಹೇಳಿಕೊಟ್ಟಿದ್ದಳು. ಆ ಐದು ತಿಂಗಳು ಅವನು ಬಕೆಟ್ ಹಿಡಿದು ಬಂದಾಗಲೆಲ್ಲ ಅದು ಅಲ್ಲಿರುತ್ತಿತ್ತು. ಮೊದಲು ಒಂದು, ಆಮೇಲೆ ಎರಡು. ಒಳ್ಳೆಯ ಕೆಲಸಕ್ಕೆ ದೈವವೇ ಒಪ್ಪಿಗೆ ಕೊಟ್ಟಿತೆಂದು ಪ್ರತಿಸಲವೂ ಕೈ ಮುಗಿದು, ಖಾಲಿ ಬಕೆಟ್ ಹಿಡಿದು, ಹಿಂತಿರುಗಿ ನೋಡದೆ ಹೋಗುತ್ತಿದ್ದ. "ಇದು ಏನು ತಿನ್ನುತ್ತೆ?" ಎಂದು ಯಕ್ಷಿತಾಳನ್ನು ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು. ಅವಳು ಹಕ್ಕಿಯನ್ನು ನೋಡಿದಳು, ಅವನನ್ನು ನೋಡಿದಳು. "ಬೇಡ ಬಿಡಿ ಅಂಕಲ್," ಅಂದಳು.

ಕಚೇರಿಯ ಮೂರನೆಯ ಮಾಳಿಗೆಯ ಕಾರಿಡಾರಿನಲ್ಲಿ ಕಬ್ಬಿಣದ ಬೆಂಚು. ಅವನು ನಲವತ್ತು ನಿಮಿಷ ಮುಂಚೆ ಬಂದಿದ್ದ. ಗುಡ್ಡದ ಪಡುವಣ ಪಾಲು ಕತ್ತರಿಸಿ ಮುಗಿದಿತ್ತು. ಉಳಿದದ್ದು ಪೂರ್ವದ ಇಳಿಜಾರು, ಅದನ್ನು ಅಗೆಯಬೇಕೋ ಬೇಡವೋ ಎಂಬುದಕ್ಕೆ ಇವತ್ತಿನ ವಿಚಾರಣೆ. ಅವನ ಹೆಸರು ಇದ್ದದ್ದು ಕಂಪನಿಯ ಸಾಕ್ಷಿಗಳ ಪಟ್ಟಿಯಲ್ಲಿ. ಸಂದೀಪ ಬಂದವನೇ ಹೆಗಲ ಮೇಲೆ ಕೈಯಿಟ್ಟ. "ಅರೇ ಸದಾ ಅಣ್ಣ, ಅದೇ ಶರ್ಟ್ ಹಾಕಿದ್ದೀರಿ, ಏಕ್‌ದಮ್ ಲಕ್ಕಿ. ಟೆನ್ಶನ್ ಬೇಡ. ಎರಡೇ ಮಾತು. ಅರವತ್ತೆರಡು ಹಾವು ಹಿಡಿದೆ, ಸೇಫಾಗಿ ಕಾಡಲ್ಲಿ ಬಿಟ್ಟೆ. ಬಸ್. ಜಾಸ್ತಿ ಕೇಳಿದ್ರೆ ನಮ್ಮ ವಕೀಲರು ನೋಡ್ತಾರೆ." ಅವನ ಕೈಯ ಬಿಸಿ ಅಂಗಿಯೊಳಗೆ ಇಳಿಯುತ್ತಿತ್ತು. ಕಾರಿಡಾರಿನ ಆ ತುದಿಯಲ್ಲಿ ಯಕ್ಷಿತಾ ಕಾಗದಗಳನ್ನು ಜೋಡಿಸುತ್ತ ನಿಂತಿದ್ದಳು. ಸದಾನಂದನನ್ನೂ ಅವನ ಹೆಗಲ ಮೇಲಿನ ಕೈಯನ್ನೂ ನೋಡಿ, ಗುರುತು ಹಿಡಿಯದವಳಂತೆ ಮತ್ತೆ ಕಾಗದಕ್ಕೆ ಬಗ್ಗಿದಳು.

ಸಂದೀಪ ಫೋನಿಗೆಂದು ಎದ್ದು ಹೋದಮೇಲೆ ಮಜೀದ ಬಂದು ಪಕ್ಕದಲ್ಲಿ ಕೂತ. ಅವನನ್ನೂ ಕಂಪನಿಯೇ ಕರೆಸಿತ್ತು. ಈ ವರ್ಷ ಒಂದೂ ಹಾವು ಕಾಣಲಿಲ್ಲ ಎಂದು ಹೇಳಬೇಕಾಗಿ ಬಂದರೆ ಹೇಳಲು. ತೊಳೆದ ಅಂಗಿ, ಆದರೆ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. "ಒಂದ್ ಮಾತ್ ಹೇಳ್ತೀನ್ರಿ, ಯಾರ ಮುಂದೂ ಆಡಬ್ಯಾಡ್ರಿ," ಅಂದ ಮಜೀದ, ತುಟಿ ಅಲುಗಿಸದೆ. "ಹೋದ್ ಗುರುವಾರ ಪೂರ್ವದ ಕಡೆ ದಾರಿ ಮಾಡಾಕ ಮಣ್ಣ ಎತ್ತಿದ್ನಿ. ಒಂದ್ ಬಂತ್ರಿ. ನಿಮ್ಮ ಮೊಂಡುಬಾಲ." ಸದಾನಂದ ಬೆಂಚಿನ ಮೇಲೆ ಅವನತ್ತ ತಿರುಗಿದ. "ನನಗ್ಯಾಕೆ ಫೋನ್ ಮಾಡ್ಲಿಲ್ಲ?" ಮಜೀದ ತನ್ನ ಉಗುರುಗಳನ್ನು ನೋಡಿಕೊಂಡ. "ಮಾಡಿದ್ರ ನೀವು ಬಂದು ಒಯ್ತಿದ್ರಿ. ಒಯ್ದಿದ್ದು ಒಂದೂ ತಿರುಗಿ ಬಂದಿಲ್ಲ. ನೆಲದಾಗ ಇದ್ದಿದ್ದು ನೆಲದಾಗ ಇರಲಿ ಅಂತ ಮೇಲೆ ಮಣ್ಣ ಮುಚ್ಚಿ ಗಾಡಿ ಹಿಂದಕ್ಕ ತಂದೆ. ಈ ಮಂದಿಗೆ ಗೊತ್ತಾತಂದ್ರ ನನ್ನ ನೌಕರಿ ಹೋಗತೈತ್ರಿ. ನಮ್ಮಾಕಿ ಶಬನಮಗ ಒಂಬತ್ತು ತಿಂಗಳು." ಅಷ್ಟರಲ್ಲಿ ಸದಾನಂದನ ಹೆಸರು ಕೂಗಿದರು.

ಒಳಗೆ ಉದ್ದ ಮೇಜಿನ ಆಚೆ ಮೂವರು. ನಡುವೆ ಕೂತ ಹಿರಿಯ ಹೆಂಗಸು ಕನ್ನಡಕವನ್ನು ಹಣೆಗೇರಿಸಿ, ಮರಾಠಿಯಲ್ಲಿ, ಅವನ ಭಾಷೆ ಯಾವುದೆಂದು ಕೇಳಿ, ಹಿಂದಿ ಸಾಕೆಂದಾಗ ಹಿಂದಿಗೆ ಹೊರಳಿದಳು. ಎಷ್ಟು ಹಾವು ಹಿಡಿದಿರಿ, ಏನು ಮಾಡಿದಿರಿ. ಎರಡು ಮಾತು ನಾಲಗೆಯ ಮೇಲೆಯೇ ಇದ್ದವು. ಗಿರಾಕಿಗೆ ಇವತ್ತಿನ ತಿಂಡಿಯ ಪಟ್ಟಿ ಹೇಳುವಷ್ಟು ಸಲೀಸಾಗಿ ಹೇಳಿ ಹೊರಬರಬಹುದಿತ್ತು. "ಹಿಡಿದದ್ದು ಅರವತ್ತೆರಡು. ಬಿಟ್ಟದ್ದು ಐವತ್ತೊಂದು," ಅಂದ. ಹಿಂದೆ ಸಂದೀಪನ ಕುರ್ಚಿ ಕಿರುಗುಟ್ಟಿತು. "ಕಂಪನಿಯ ವರದಿಯಲ್ಲಿ ಅರವತ್ತೆರಡನ್ನೂ ಬಿಟ್ಟರು ಅಂತಿದೆಯಲ್ಲ?" "ನಾನೇ ಸುಳ್ಳು ಹೇಳಿದ್ದು. ಹನ್ನೊಂದು ನನ್ನ ಬಕೆಟ್ಟಿನಲ್ಲೇ ಸತ್ತವು."

ಇದನ್ನು ಅವನು ಅಪ್ಪಿಗೆ ಹೇಳಿರಲಿಲ್ಲ, ಯಕ್ಷಿತಾಳಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದಿನ ಮೇ ಕೊನೆಯ ಒಂದು ಶುಕ್ರವಾರ. ಬೆಳಿಗ್ಗೆ ಗುಡ್ಡದಿಂದ ಹನ್ನೊಂದನ್ನು ಆರಿಸಿಕೊಂಡು, ಬೊರಿವಲಿಗೆ ಹೋಗಲು ಹೊತ್ತಾಯಿತೆಂದು ನೇರ ಹೊಟೇಲಿಗೆ ಬಂದು, ಅಡುಗೆಮನೆಯ ಹಿಂದೆ ಮೆಟ್ಟಿಲ ಕೆಳಗೆ ಬಕೆಟ್ ಇಟ್ಟಿದ್ದ. ಒದ್ದೆ ಗೋಣಿ ಹೊದೆಸಿದ್ದ. ಮಧ್ಯಾಹ್ನ ಮೂರಕ್ಕೆ ಹೊರಡುವುದೆಂದು ಲೆಕ್ಕ. ಇಬ್ಬರು ಮಾಣಿಗಳು ಮದುವೆಗೆಂದು ಊರಿಗೆ ಹೋಗಿದ್ದರು, ಮೂರಾಯಿತು, ನಾಲ್ಕಾಯಿತು. ಒಮ್ಮೆ ಮೆಟ್ಟಿಲ ಹತ್ತಿರ ಹೋದವನನ್ನು ಮೋನಪ್ಪನವರು, "ಗಿರಾಕಿಗಳು ಮುಖ್ಯವೋ ನಿನ್ನ ಹುಳಗಳು ಮುಖ್ಯವೋ?" ಎಂದು ಎಲ್ಲರೆದುರು ಕೇಳಿದ್ದರು. ಅವನು ವಾಪಸು ಟೇಬಲ್ಲಿಗೆ ಹೋಗಿದ್ದ. ಅವಮಾನದ ಸಿಟ್ಟಿನಲ್ಲಿ ಬೇಕೆಂದೇ ಮತ್ತೆ ಆ ಕಡೆ ಸುಳಿಯಲಿಲ್ಲ, ಏನಾದರೂ ಆದರೆ ಅದು ಅವರ ತಲೆಗೆ ಎಂಬಂತೆ. ಆರು ಗಂಟೆಗೆ ಮುಚ್ಚಳ ತೆಗೆದ. ಗೋಡೆಯ ಆಚೆ ಬಾಯ್ಲರ್ ಇತ್ತೆಂಬುದು ಇಪ್ಪತ್ತನಾಲ್ಕು ವರ್ಷ ಅಲ್ಲಿ ದುಡಿದವನಿಗೆ ಆಗ ಹೊಳೆಯಿತು. ಹನ್ನೊಂದೂ ಒಂದರೊಳಗೊಂದು ತಲೆಯಿಟ್ಟು ಗಂಟಾಗಿದ್ದವು, ಒಂದನ್ನೊಂದು ಮಣ್ಣೆಂದು ತಿಳಿದು ಒಳಹೋಗಲು ನೋಡಿದಂತೆ. ಗಂಟನ್ನು ಬಿಡಿಸಿದಾಗ ನಡುವೆ ದಾರದ ತುಂಡುಗಳಂಥವು ಕಂಡವು. ದೀಪದ ಹತ್ತಿರ ಹಿಡಿದ. ಮರಿಗಳು, ಬಕೆಟ್ಟಿನಲ್ಲೇ ಹುಟ್ಟಿದವು. ಪೆನ್ಸಿಲ್ಲಿನ ಸೀಸದಷ್ಟು ಸಪೂರ, ಪ್ರತಿಯೊಂದರ ಬಾಲವೂ ಓರೆಯಾಗಿ ಕತ್ತರಿಸಿದ ಹಾಗೆಯೇ ಪೂರ್ತಿಯಾಗಿತ್ತು. ಅವನ್ನು ಎಣಿಸುವ ಧೈರ್ಯವಾಗಲಿಲ್ಲ. ಎಂಜಲು ಎಲೆಗಳ ಚೀಲದೊಳಗೆ ಎಲ್ಲವನ್ನೂ ಸುರಿದು, ಕೈ ತೊಳೆದು, ಏಳನೆಯ ಟೇಬಲ್ಲಿಗೆ ಕಾಫಿ ಕೊಟ್ಟಿದ್ದ. ಆಮೇಲೂ ಗುಡ್ಡಕ್ಕೆ ಹೋದ. ಆಮೇಲೆ ಶಾಲು ಹೊದೆಸಿಕೊಂಡ.

ಇದೆಲ್ಲವನ್ನೂ ಅವನು ಹೇಳಲಿಲ್ಲ. ಬಿಸಿಯಲ್ಲಿ ಸತ್ತವು ಅಂದ, ಮರಿಗಳಿದ್ದವು ಅಂದ, ಬಿಟ್ಟ ಜಾಗ ಬಂಡೆ, ಅಲ್ಲಿಯೂ ಉಳಿದಿರಲಾರವು ಅಂದ. ಗುಮಾಸ್ತ ಬರೆದುಕೊಂಡ. "ಹಿಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಇತ್ತೇ?" "ಇಲ್ಲ." ಅದನ್ನೂ ಬರೆದುಕೊಂಡ. ಕಂಪನಿಯ ವಕೀಲ ಎದ್ದುನಿಂತಾಗ ಅವನ ಮುಖದಲ್ಲಿ ಸಿಟ್ಟಿನ ಬದಲು ಒಂದು ಬಗೆಯ ನಿರಾಳವಿತ್ತು. ಈ ಗೃಹಸ್ಥರ ಪ್ರಾಮಾಣಿಕತೆಗೆ ವಂದನೆ, ಎಂದ. ಇವರ ಮಾತಿನಂತೆ ಆ ಗುಡ್ಡದ ಹಾವುಗಳು ಎರಡು ವರ್ಷದ ಹಿಂದೆಯೇ ಮುಗಿದವು, ತಪ್ಪು ಇವರೊಬ್ಬರದು, ಇಲ್ಲದ ಹಾವಿಗಾಗಿ ಈಗ ಕೆಲಸ ಯಾಕೆ ನಿಲ್ಲಿಸಬೇಕು. ಹೆಂಗಸು ಯಕ್ಷಿತಾಳತ್ತ ತಿರುಗಿದಳು. "ಅಗೆತ ಶುರುವಾದ ಮೇಲೆ ನಿಮಗೆ ಅಲ್ಲಿ ಒಂದಾದರೂ ಜೀವಂತ ಕಂಡಿದೆಯೇ?" ಯಕ್ಷಿತಾ ಎದ್ದಳು. ಎರಡು ಮಳೆಗಾಲ ಹುಡುಕಿದೆ, ಪೂರ್ವದ ಇಳಿಜಾರಿಗೆ ಒಳಗೇ ಬಿಡಲಿಲ್ಲ, ಎಂದೇನೋ ಹೇಳಿದಳು. "ಕಂಡಿದೆಯೇ?" "ಇಲ್ಲ ಮೇಡಂ."

ಸದಾನಂದ ತನ್ನ ಅಂಗೈಗಳನ್ನು ಮೇಜಿನ ಮೇಲೆ ಮಗುಚಿಟ್ಟುಕೊಂಡಿದ್ದ. ನಿಜ ಹೇಳಿದರೆ ಹಗುರಾಗುತ್ತದೆಂದು ಮೂರು ವಾರದಿಂದ ಅಂದುಕೊಂಡಿದ್ದ. ಹೇಳಿ ಮುಗಿಸಿದ ನಿಜವನ್ನು ಆ ವಕೀಲ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಇನ್ನೊಂದು ನಿಜವಿತ್ತು, ಆದರೆ ಅದು ಅವನದಲ್ಲ. ಶಬನಮಳನ್ನು ಅವನು ಒಮ್ಮೆ ನೋಡಿದ್ದ, ಗುಡ್ಡದ ಕೆಳಗಿನ ಶೆಡ್ಡಿನಲ್ಲಿ, ಗಂಡನಿಗೆ ಬುತ್ತಿ ತಂದಿದ್ದಾಗ; ಹಾವಿನ ಬಕೆಟ್ ಕಂಡು ಹಿಂದೆ ಸರಿಯದೆ ಬಗ್ಗಿ ನೋಡಿ, ಕಣ್ಣು ಎಷ್ಟು ಸಣ್ಣದು, ಅಂದಿದ್ದಳು. ಸುಮ್ಮನಿದ್ದರೆ ಮಜೀದ ಉಳಿಯುತ್ತಾನೆ. ಸುಮ್ಮನಿದ್ದದ್ದಕ್ಕೆ ಯಾರೂ ಯಾವತ್ತೂ ಅವನನ್ನು ಕೇಳುವುದಿಲ್ಲ. ಹೆಂಗಸು ಪೆನ್ನಿನ ಮುಚ್ಚಳ ತೆಗೆದಳು. "ಮಜೀದ್ ನೋಡಿದ್ದಾನೆ," ಅನ್ನುವುದು ಅವನಿಗೆ ಕೇಳಿಸಿತು. ದನಿ ತನ್ನದೇ. "ಜೆಸಿಬಿಯವನು. ಹೋದ ಗುರುವಾರ. ಹೊರಗೆ ಕೂತಿದ್ದಾನೆ."

ಮಜೀದನನ್ನು ಕರೆದರು. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಇಲ್ಲಿ ಬಿಡಬೇಕಾಗಿಲ್ಲ ಎಂದು ಜವಾನ ಹೇಳಿದ ಮೇಲೂ ಬರಿಗಾಲಲ್ಲೇ ನಿಂತ. ಪ್ರಶ್ನೆ ಕೇಳಿದಾಗ ಮೊದಲು ಸಂದೀಪನನ್ನು ನೋಡಿದ. ಸಂದೀಪ ನಗುತ್ತ, ಬೇಡವೆಂಬಂತೆ, ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದ. ಆಮೇಲೆ ಸದಾನಂದನನ್ನು ನೋಡಿದ. ಆ ನೋಟದಲ್ಲಿ ದೂರು ಹುಡುಕಿದ ಸದಾನಂದನಿಗೆ ಸಿಕ್ಕಿದ್ದು ಆಶ್ಚರ್ಯ ಮಾತ್ರ. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದವನು ಎದ್ದು ತಟ್ಟೆ ಒದ್ದರೆ ಆಗುವಂಥದ್ದು. "ನೋಡಿದ್ದೀಯೋ, ಇಲ್ಲವೋ?" "ನೋಡಿದ್ದೀನಿ ಮೇಡಂ," ಅಂದ ಮಜೀದ ಹಿಂದಿಯಲ್ಲಿ. "ಜೀವಂತ ಇತ್ತು. ಮಣ್ಣು ಮುಚ್ಚಿ ಬಿಟ್ಟೆ."

ಮುಕ್ಕಾಲು ಗಂಟೆಯ ನಂತರ ತೀರ್ಮಾನ ಓದಿದರು. ಮಳೆಗಾಲ ಮುಗಿದು ಪೂರ್ವದ ಇಳಿಜಾರಿನ ಸಮೀಕ್ಷೆ ಆಗುವ ತನಕ ಅಲ್ಲಿ ಯಂತ್ರ ಇಳಿಯಕೂಡದು. ಪರವಾನಗಿ ಇಲ್ಲದೆ ಸಂರಕ್ಷಿತ ಪ್ರಾಣಿಗಳನ್ನು ಹಿಡಿದು ಸಾಗಿಸಿದ ಸದಾನಂದನ ಹೇಳಿಕೆಯನ್ನು ಮುಂದಿನ ಕ್ರಮಕ್ಕಾಗಿ ಇಲಾಖೆಗೆ ಕಳಿಸಲಾಗುವುದು. ಸಂದೀಪ ಫೋನ್ ಒತ್ತುತ್ತ ಅವನ ಪಕ್ಕದಿಂದಲೇ ಹಾದುಹೋದ.

ಮಜೀದ ಬಸ್‌ಸ್ಟಾಪಿನ ತಗಡಿನ ಕೆಳಗೆ ನಿಂತಿದ್ದ. ಸದಾನಂದ ಛತ್ರಿ ಬಿಡಿಸದೆ ಓಡಿ ಹೋಗಿ ಎದುರು ನಿಂತ. "ಬೈದುಬಿಡು ಮಾರಾಯ," ಅಂದ.

"ಬೈಯೂದು ಏನೈತ್ರಿ ಇದ್ರಾಗ," ಅಂದ ಮಜೀದ. "ನಾ ಹೇಳಬಾರದಿತ್ತು. ಯಾರಿಗಾರ ಹೇಳ್ಬೇಕಂತ ಅನಸ್ತು. ಶಬನಮಗ ಹೇಳಿದ್ರ ಹೆದರ್ತಾಳ. ಅದರ ಹೆಸರು ನಿಮಗಷ್ಟ ಗೊತ್ತಿತ್ತು."

ಫೋನ್ ಬಂತು. ಮಜೀದ ಕಿವಿಗಿಟ್ಟುಕೊಂಡು, "ಹಾಂ ಸಾಬ್... ಹಾಂ... ಚಾವಿ ಶೆಡ್ಡಿನಲ್ಲಿದೆ ಸಾಬ್," ಎಂದು ಹಿಂದಿಯಲ್ಲಿ ಹೇಳಿ ಮುಗಿಸಿದ. ಫೋನಿನ ಮೇಲಿನ ಮಳೆಹನಿಯನ್ನು ತೋಳಿಗೆ ಒರೆಸಿಕೊಂಡ. "ನಾಳಿಂದ ಬರಬ್ಯಾಡ ಅಂದ್ರು." ಆಮೇಲೆ, ದಾರಿ ಕೇಳುವವನ ದನಿಯಲ್ಲಿ, "ನಿಮ್ಮ ಹೊಟೇಲದಾಗ ಏನಾರ ಕೆಲಸ ಐತೇನ್ರಿ?" ಅಂದ.

ಮೋನಪ್ಪನವರು ಇವತ್ತೋ ನಾಳೆಯೋ ಸುದ್ದಿ ಕೇಳಿ ಫೋಟೋ ಇಳಿಸುವುದು, ತಾನು ಅದರ ಕೆಳಗೆ ನಿಂತು ಕೈ ಕಟ್ಟಿಕೊಳ್ಳುವುದು, ಎಲ್ಲ ಸದಾನಂದನಿಗೆ ಕಂಡಿತು. "ಕೇಳ್ತೇನೆ," ಅಂದ. ಮಜೀದ ತಲೆಯಾಡಿಸಿದ. ಆ ಕೇಳುವುದು ಎಷ್ಟರದೆಂದು ಇಬ್ಬರಿಗೂ ಗೊತ್ತಿತ್ತು.

ಕುರ್ಲಾದ ಬಸ್ಸು ಬಂತು. ಜನರ ಜೊತೆ ನುಗ್ಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮಜೀದ, ಏನೋ ಮರೆತವನಂತೆ ತಿರುಗಿದ. "ಆ ಹಾವಿನ ಹೊಟ್ಟಿ ದಪ್ಪ ಇತ್ರಿ," ಅಂದ. "ಒಳಗ ಅಲಗ್ಯಾಡೂದು ಕಾಣ್ತಿತ್ತು. ಕೈಯಾಗ ಹಿಡೀಲಿಲ್ಲ ನಾ." ಬಸ್ಸು ಹೊರಟಿತು. ಅವನ ತೋಳೊಂದು ಒಂದಿಷ್ಟು ದೂರ ಕಂಬಿಯ ಮೇಲೆ ಕಾಣುತ್ತಿತ್ತು.

ಯಕ್ಷಿತಾ ಕಾಗದಗಳನ್ನು ಎದೆಗವಚಿಕೊಂಡು ಮಳೆಯಲ್ಲೇ ರಸ್ತೆ ದಾಟಿ ಬಂದಳು. ಅವಳ ಮುಖದಲ್ಲಿ ಮೂರು ವಾರದಲ್ಲಿ ಕಾಣದ ಬೆಳಕಿತ್ತು. "ಅಂಕಲ್, ಆ ಮಜೀದ್ ಭಾಯಿ ಎಲ್ಲಿ? ಥ್ಯಾಂಕ್ಸ್ ಹೇಳ್ಬೇಕಿತ್ತು. ಏನಾದ್ರೂ ಹೇಳಿದ್ರಾ ಅವರು?"

"ಇಲ್ಲ," ಅಂದ ಸದಾನಂದ. "ಅವನ ಬಸ್ಸು ಬಂತು."